ಸವೆದ ಬೆರಳು, ಪುಟ್ಟ ಫ್ಯಾನು

ಸಮಯ ಬೆಳಗಿನ ಹನ್ನೊಂದೂವರೆ. ಹೊರಗೆ ಸುಡುಬಿಸಿಲು. ಬನಶಂಕರಿಯ ಆ ಸೇವಾ ಕೇಂದ್ರದಲ್ಲಿ ಇದ್ದವರು ಮೂವರು: ನಾನು, ಕಂಪ್ಯೂಟರಿನ ಮುಂದೆ ಕುಳಿತ ಮಹಿಳೆ, ನನ್ನ ನಂತರದ ಸರದಿಗೆ ಕಾದಿದ್ದ ಹೊಸಕೆರೆಹಳ್ಳಿಯ ಅಜ್ಜಿ. ನಾನು ಬದುಕಿದ್ದೇನೆಂದು ಬೆರಳೊತ್ತಿ ರುಜುವಾತುಪಡಿಸಬೇಕಿತ್ತು. ಇಲ್ಲವಾದರೆ ಮುಂದಿನ ತಿಂಗಳಿನಿಂದ ಪಿಂಚಣಿ ನಿಲ್ಲುತ್ತದೆ.

ಬೆರಳಚ್ಚು ಯಂತ್ರದ ಮೇಲೆ ನಾಲ್ಕು ಸಲ ಬೆರಳಿಟ್ಟೆ. ನಾಲ್ಕು ಸಲವೂ ಆಗಲಿಲ್ಲ.

“ವಯಸ್ಸಾದ್ಮೇಲೆ ರೇಖೆ ಸವೆದೋಗುತ್ತೆ ಸಾರ್. ಕೈ ತೊಳ್ಕೊಂಡ್ ಬನ್ನಿ,” ಎಂದರು ಆಕೆ.

ತೊಳೆದು ಬಂದೆ. ಆಗಲೂ ಆಗಲಿಲ್ಲ.

“ವ್ಯಾಸಲೀನ್ ಹಚ್ಕೊಂಡು ನಾಳೆ ಬನ್ನಿ.”

ನನಗೆ ರೇಗಿತು. ಬೆರಳಿಟ್ಟಾಗಲೆಲ್ಲ ಆ ಯಂತ್ರದ ಕೆಂಪು ದೀಪವೇ ಆರುತ್ತಿತ್ತು. ಸವೆದ ಬೆರಳು ಗುರುತು ಕೊಡದಿರಬಹುದು, ದೀಪ ಆರಿಸುವುದಿಲ್ಲ. ಯಂತ್ರದ ವೈರು ಎಲ್ಲಿಗೆ ಹೋಗಿದೆಯೆಂದು ಬಗ್ಗಿ ನೋಡಿದೆ. ಅದು ಕಂಪ್ಯೂಟರಿನ ಒಂದೇ ಕಿಂಡಿಯನ್ನು ನಾಲ್ಕಾಗಿಸುವ ಯುಎಸ್‌ಬಿ ಹಬ್‌ಗೆ ಸೇರಿತ್ತು. ಅದೇ ಹಬ್‌ನಿಂದ ಆಕೆಯ ಮೊಬೈಲು ಚಾರ್ಜ್ ಆಗುತ್ತಿತ್ತು, ಮೇಜಿನ ಮೇಲಿನ ಪುಟ್ಟ ಫ್ಯಾನೂ ತಿರುಗುತ್ತಿತ್ತು. ಹಬ್‌ಗೆ ಪ್ರತ್ಯೇಕ ವಿದ್ಯುತ್ ಸಂಪರ್ಕವಿರಲಿಲ್ಲ.

“ಅಮ್ಮಾ, ಕರೆಂಟು ಸಾಲದೆ ಯಂತ್ರ ಆರುತ್ತಿದೆ. ಫ್ಯಾನು, ಮೊಬೈಲು ಎರಡನ್ನೂ ತೆಗೆಯಿರಿ.”

“ಈ ಸೆಖೇಲಿ ಫ್ಯಾನ್ ತೆಗಿ ಅಂದ್ರೆ ಹೆಂಗೆ ಸಾರ್?”

“ನಿಮ್ಮ ಗಾಳಿಗಾಗಿ ನಾನು ಸತ್ತವರ ಪಟ್ಟಿಗೆ ಸೇರಲಾರೆ.”

“ತೆಗಿಯಮ್ಮ,” ಎಂದರು ಹಿಂದಿನಿಂದ ಅಜ್ಜಿ. “ಇವರಾದ್ಮೇಲೆ ನಾನೂ ಬದುಕಬೇಕಲ್ಲ.”

ಆಕೆ ಮುಖ ಗಂಟಿಕ್ಕಿಕೊಂಡು ಎರಡೂ ವೈರುಗಳನ್ನು ಎಳೆದರು. ಆರನೆಯ ಸಲ ದೀಪ ಆರಲಿಲ್ಲ, ಬೆರಳು ಒಪ್ಪಿಗೆಯಾಯಿತು. ಈಗಲಾದರೂ ತಪ್ಪೊಪ್ಪಿಕೊಂಡಾರೆಂದು ನಾನು ಕಾದೆ. ಆಕೆ ಪ್ರಮಾಣಪತ್ರವನ್ನು ನನ್ನತ್ತ ತಳ್ಳಿ, ಸೆರಗಿನಿಂದ ಬೆವರೊರೆಸಿಕೊಂಡು, ಅಜ್ಜಿಗೂ ಕೇಳುವಂತೆ ಹೇಳಿದರು:

“ಸಾರ್ ಬದುಕಿದ್ದಾರೆ. ಇನ್ನು ಸೆಖೆಗೆ ಸಾಯೋಳು ನಾನು.”