ಮೂರು ಮೀಟರಿಗೆ ಎರಡು ಸೆಂಟಿಮೀಟರ್ ಕಡಿಮೆ

ಮೆನ್ನಾ ಪ್ರಾಸರ್ ಇಪ್ಪತ್ತೇಳು ವರ್ಷ ನಡುರಸ್ತೆಯಲ್ಲಿ ನಿಂತು ಸಂಬಳ ತೆಗೆದುಕೊಂಡವಳು. ವೇಲ್ಸಿನ ತವಿ ಕಣಿವೆಯಲ್ಲಿರುವ ನಮ್ಮೂರಿನ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವುದು ಅವಳ ಕೆಲಸ. ಆಳಿಗಿಂತ ಉದ್ದದ ಕೋಲು, ಅದರ ತುದಿಗೆ ರೊಟ್ಟಿ ಹೆಂಚಿನ ಇಮ್ಮಡಿ ಅಗಲದ ದುಂಡನೆಯ ಹಳದಿ ಫಲಕ, ಫಲಕದ ಮೇಲೆ ‘ನಿಲ್ಲಿ, ಮಕ್ಕಳು’ ಎಂಬ ಬರಹ. ಆ ಕೋಲನ್ನು ನೆಲಕ್ಕೂರಿ ಅವಳು ನಿಂತಳೆಂದರೆ ಕಲ್ಲಿದ್ದಲಿನ ಲಾರಿಯೂ ನಿಲ್ಲುತ್ತಿತ್ತು, ಹೆಣದ ಗಾಡಿಯೂ ನಿಲ್ಲುತ್ತಿತ್ತು. ಬಾಯಿ ತೆರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನಮ್ಮ ಕಣಿವೆಯ ಮಳೆಗೆ ಹೊತ್ತುಗೊತ್ತಿಲ್ಲ ಎನ್ನುತ್ತಾರೆ. ಅದು ಸುಳ್ಳು. ಶಾಲೆ ಬಿಡುವ ಹೊತ್ತು ಅದಕ್ಕೆ ಬಾಯಿಪಾಠ. ಹಾಗಾಗಿ ಅಷ್ಟೂ ವರ್ಷ ಮೆನ್ನಾಳ ಪಾದ ಒಣಗಿದ್ದು ರಜೆಯಲ್ಲಿ ಮಾತ್ರ. ನಿವೃತ್ತಿಯ ದಿನ ಶಾಲೆಯವರು ಅದೇ ಕೋಲನ್ನು ಅವಳಿಗೆ ಉಡುಗೊರೆಯಾಗಿ ಕೊಟ್ಟರು. ಇನ್ನೇನು ಕೊಟ್ಟರೂ ಅವಳ ಕೈ ಖಾಲಿ ಕಾಣುತ್ತದೆಂದು ಅವರಿಗೆ ಗೊತ್ತಿತ್ತು.

"ಇನ್ಮೇಲೇನು ಮಾಡ್ತೀರಿ, ಮೆನ್ನಾ ಆಂಟಿ?" ಎಂದು ಮಕ್ಕಳು ಕೇಳಿದವು.

"ಬೆಚ್ಚಗಿರೋ ಸಮುದ್ರ ಹುಡುಕ್ಕೊಂಡು ಹೋಗಿ ಅದರಲ್ಲಿ ಕಾಲಿಟ್ಕೊಂಡು ನಿಲ್ತೀನಿ. ಹೇಗೂ ನನ್ನ ಕಾಲು ಒದ್ದೆ ಆಗೋದು ತಪ್ಪಲ್ಲ. ಒಂದ್ಸಲನಾದ್ರೂ ಬೆಚ್ಚಗೆ ಒದ್ದೆ ಆಗ್ಲಿ."

ಅವಳ ಗಂಡ ಎಮ್ಲಿನ್ ಬಸ್ ಡ್ರೈವರ್. ಮೂವತ್ತು ವರ್ಷ ಎರಡಂತಸ್ತಿನ ಬಸ್ಸನ್ನು ಒಂದು ಗೀರೂ ಬೀಳದಂತೆ ಓಡಿಸಿದ. ಒಂದೇ ಒಂದು ದಿನ ದಾರಿ ತಪ್ಪಿ, ಒಂದಂತಸ್ತಿನ ಬಸ್ಸಿಗೆ ಮಾತ್ರ ಎಡೆಯಿದ್ದ ರೈಲ್ವೆ ಸೇತುವೆಯ ಕೆಳಗೆ ಅದನ್ನು ನುಗ್ಗಿಸಿದ. ಮೇಲಿನಂತಸ್ತಿನ ಚಾವಣಿ ಮೀನಿನ ಡಬ್ಬದ ಮುಚ್ಚಳದ ಹಾಗೆ ಸುರುಳಿ ಸುತ್ತಿಕೊಂಡಿತು. ಪುಣ್ಯಕ್ಕೆ ಮೇಲೆ ಯಾರೂ ಕೂತಿರಲಿಲ್ಲ. ನಮ್ಮೂರಿನವರು ಉಪಕಾರವನ್ನು ವಾರದಲ್ಲಿ ಮರೆಯುತ್ತೇವೆ, ಇಂಥದ್ದನ್ನು ಮಾತ್ರ ಮೊಮ್ಮಕ್ಕಳಿಗೂ ದಾಟಿಸುತ್ತೇವೆ. ಇಂದಿಗೂ ಅವನು ಪಬ್ಬಿನ ಬಾಗಿಲಿಗೆ ಬಂದರೆ ಒಳಗಿನಿಂದ ಯಾರಾದರೂ, "ತಲೆ ಬಗ್ಗಿಸ್ಕೊಂಡು ಬಾರೋ ಎಮ್ಲಿನ್" ಎನ್ನುತ್ತಾರೆ. ಅವನು ಇರುವುದು ಐದಡಿ ಮೂರಂಗುಲ.

ಅಂದಿನಿಂದ ಅವನಿಗೆ ಎತ್ತರವೇ ಧ್ಯಾನ. ಇಬ್ಬರೂ ಸೇರಿ ಹಳೆಯದೊಂದು ಮೋಟರ್‌ಹೋಮ್ ಕೊಳ್ಳಲು ಹೋದಾಗ ಮೆನ್ನಾ ಒಳಗೆ ಒಲೆ, ಹಾಸಿಗೆ ನೋಡಿದಳು. ಎಮ್ಲಿನ್ ಏಣಿ ಹಾಕಿ ಗಾಡಿಯ ನೆತ್ತಿ ಅಳೆದ. ಎರಡು ಮೀಟರ್ ತೊಂಬತ್ತೆಂಟು.

"ಮೂರಕ್ಕೆ ಎರಡು ಸೆಂಟಿಮೀಟರ್ ಕಡಿಮೆ" ಎಂದು ಏಣಿಯ ಮೇಲಿನಿಂದಲೇ ಘೋಷಿಸಿದ. "ಇದನ್ನೇ ತಗೊಳ್ಳೋಣ."

ಕಾರಣವಿತ್ತು. ಫ್ರಾನ್ಸಿನ ಹೆದ್ದಾರಿಯ ಟೋಲ್ ಯಂತ್ರಕ್ಕೆ ಗಾಡಿಯೊಳಗೆ ಮಂತ್ರಿಯಿದ್ದಾನೋ ಮಕ್ಕಳಿದ್ದಾರೋ ಬೇಕಿಲ್ಲ. ಅದು ಗಾಡಿಯ ತಲೆ ನೋಡಿ ಕೈಚಾಚುತ್ತದೆ. ಮೂರು ಮೀಟರಿನ ಒಳಗಿದ್ದು ತೂಕವೂ ಮಿತಿಯಲ್ಲಿದ್ದರೆ ಎರಡನೇ ವರ್ಗ. ಮೂರು ಮುಟ್ಟಿತೋ, ಮೂರನೇ ವರ್ಗ, ಲಾರಿಗಳ ಪಂಕ್ತಿ, ಸುಂಕವೂ ಅದಕ್ಕೆ ತಕ್ಕ ಹಾಗೆ.

ಇನ್ನೊಂದು ತೊಡಕೆಂದರೆ, ನಮ್ಮ ಗಾಡಿಗಳಿಗೆ ಸ್ಟಿಯರಿಂಗ್ ಬಲಕ್ಕೆ, ಅವರ ಟೋಲ್ ಯಂತ್ರ ಎಡಕ್ಕೆ. ಗಾಡಿ ಓಡಿಸುವವನು ಎಮ್ಲಿನ್ ಆದರೂ ಯಂತ್ರಕ್ಕೆ ಮುಖಾಮುಖಿ ಕೂರುವವಳು ಮೆನ್ನಾ. ಯಂತ್ರ ತಪ್ಪು ಅಂಕಿ ತೋರಿದರೆ ಸಹಾಯದ ಗುಂಡಿ ಒತ್ತಿ ಹೇಳಲೆಂದು ಅವನು ಅವಳಿಗೆ ‘ಎರಡನೇ ವರ್ಗ, ದಯವಿಟ್ಟು’ ಎನ್ನುವುದನ್ನು ಫ್ರೆಂಚಿನಲ್ಲಿ ಕಲಿಸಿದ್ದ. ಅವಳು ಒಂದು ತಿಂಗಳು ಟೀ ಕೆಟಲಿನ ಮುಂದೆ ನಿಂತು ಅದನ್ನು ಒಪ್ಪಿಸಿದ್ದಳು.

ಸೆಪ್ಟೆಂಬರಿನಲ್ಲಿ ಹೊರಟರು. ಪರದೇಶದ ಬೀನ್ಸನ್ನು ನಂಬಬಾರದೆನ್ನುವುದು ನಮ್ಮ ಜನರ ಸಿದ್ಧಾಂತವಾದ್ದರಿಂದ ಬೀನ್ಸಿನ ಡಬ್ಬ, ಟೀಪುಡಿ, ಬಿಸ್ಕತ್ತು, ಮಾರ್ಮಲೇಡು ಎಲ್ಲ ಊರಿಂದಲೇ ಹೇರಿಕೊಂಡರು. ಒಳಗೆ ಕಾಲಿಡಲೂ ಜಾಗವಿಲ್ಲದೆ ಮೆನ್ನಾಳ ಕೋಲು ಚಾವಣಿ ಹತ್ತಿತು. ಕೋಲು ಬೇಕೇ ಬೇಕಿತ್ತು. ಎಮ್ಲಿನ್ ಕ್ಯಾಂಪಿನ ಜಾಗಕ್ಕೆ ಗಾಡಿಯನ್ನು ಹಿಮ್ಮುಖ ತರುವಾಗ ಅವಳು ಹಿಂದೆ ಅದನ್ನು ಹಿಡಿದು ನಿಲ್ಲದಿದ್ದರೆ ಅವನ ಕಾಲು ಬ್ರೇಕಿನ ಮೇಲೆ ಹೋಗುತ್ತಿರಲಿಲ್ಲ. ಚಾವಣಿಯ ತಗ್ಗಿನಲ್ಲಿ ಅದನ್ನು ಅಂಗಾತ ಮಲಗಿಸಿ ಅವನೇ ಎರಡು ಕಡೆ ಹಗ್ಗ ಬಿಗಿದ. ದಾರಿಯ ರಾತ್ರಿಗಳನ್ನು ಹೆದ್ದಾರಿಯ ತಂಗುದಾಣಗಳಲ್ಲೇ ಕಳೆದದ್ದರಿಂದ ಸಮುದ್ರ ಮುಟ್ಟುವವರೆಗೆ ಅದನ್ನು ಇಳಿಸುವ ಕೆಲಸ ಬರಲಿಲ್ಲ.

ಹಡಗಿಳಿದ ಮೇಲೆ ಸಿಕ್ಕ ಮೊದಲ ಟೋಲಿನ ಪರದೆ ‘2’ ಎಂದಿತು. ಎಮ್ಲಿನ್ ಹಾಲು ಕೊಟ್ಟ ಎಮ್ಮೆಯ ಬೆನ್ನು ಸವರುವಂತೆ ಸ್ಟಿಯರಿಂಗ್ ಸವರಿದ. ರೀಮ್ಸ್ ನಗರ ದಾಟಿದ ಮೇಲೆ ಎರಡನೆಯದು ಬಂತು. ಪರದೆ ‘3’ ಎಂದಿತು. ಮೆನ್ನಾ ಬಾಯಿ ತೆರೆದಳು. ಕೆಟಲಿನ ಮುಂದೆ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದ ಮಾತು ಬರಲಿಲ್ಲ. ತೆಪ್ಪಗೆ ಕಾರ್ಡ್ ತೂರಿಸಿದಳು.

ಬಹಳ ದೂರ ಹೋದ ಮೇಲೆ ಎಮ್ಲಿನ್ ಕಾರಣ ಕಂಡುಹಿಡಿದ.

"ಗಾಡಿ ಹಗುರ ಆಗಿದೆ ಕಣೇ. ಹಗುರ ಆದ್ರೆ ಸ್ಪ್ರಿಂಗ್ ಮೇಲೇಳುತ್ತೆ. ನಿನ್ನೆ ಎರಡು ಡಬ್ಬ ಬೀನ್ಸ್ ಒಡೆದ್ಯಲ್ಲ."

"ತಿಂದಿದ್ದು ನಾವೇ ಅಲ್ವೇನೋ? ನಾವೂ ಗಾಡೀಲೇ ಕೂತಿದ್ದೀವಿ. ತೂಕ ಎಲ್ಲಿಗೆ ಹೋಯ್ತು?"

ಎಮ್ಲಿನ್ ಪಕ್ಕದ ಕನ್ನಡಿ ನೋಡಿದ. "ಅದು ಬೇರೆ ಲೆಕ್ಕ" ಎಂದ.

ಆ ದಿನವೇ ನೀರಿನ ತೊಟ್ಟಿ ಗಂಟಲಮಟ್ಟ ತುಂಬಿಸಿದ. ರೈತನೊಬ್ಬನ ಬಳಿ ಎರಡು ಮೂಟೆ ಆಲೂಗಡ್ಡೆ ಕೊಂಡು ಹಾಸಿಗೆಯ ಕೆಳಗೆ ತುರುಕಿದ. ಮುಂದಿನ ಟೋಲ್ ‘2’ ಎಂದಿತು.

"ನೋಡಿದ್ಯಾ?"

ಮೆನ್ನಾ ನೋಡಿದಳು. ಗಂಡನ ವಿದ್ಯೆಗೆ ಸೋತು ಸಂಜೆ ಆಲೂಗಡ್ಡೆ ಬೇಯಿಸಲು ಹೋದರೆ ಅವನು ಅಡ್ಡ ಬಂದ. ತಿನ್ನುವ ಹಾಗಿರಲಿಲ್ಲ, ಅವು ಗಾಡಿಯನ್ನು ತಗ್ಗಿಸಲು ತಂದವು.

ಲಿಯಾನ್ ಕಳೆದು ರೋನ್ ನದಿಯ ಕಣಿವೆಗಿಳಿದಾಗ ಉತ್ತರದ ಗಾಳಿ ಬೆನ್ನಟ್ಟಿತು. ಟೋಲ್ ಮತ್ತೆ ‘3’ ಎಂದಿತು. ಎಮ್ಲಿನ್ ಕರಬೂಜ ಕೊಂಡ. ಒಂದಲ್ಲ, ಬುಟ್ಟಿಗಟ್ಟಲೆ. ಮೆನ್ನಾ ಕಾಲನ್ನು ಕರಬೂಜಗಳ ಮೇಲಿಟ್ಟು ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಳು. ಮಧ್ಯಾಹ್ನ ಟೀ ಕುಡಿಯುವಾಗ ಎಮ್ಲಿನ್ ಲೋಟದೊಳಗೆ ನೋಡುತ್ತ ಹೇಳಿದ.

"ಸಮುದ್ರಕ್ಕೆ ಇನ್ನೊಂದೇ ಟೋಲ್ ಇರೋದು. ಅದೂ ಮೂರು ಅಂದ್ರೆ ವಾಪಸ್ ಹೋಗೋಣ, ಮೆನ್ನಾ."

"ಅಷ್ಟು ದುಡ್ಡು ಹೆಚ್ಚಾದ್ರೆ ನಾವೇನು ಮುಳುಗಿ ಹೋಗ್ತೀವಾ?"

"ದುಡ್ಡಲ್ಲ. ಒಂದ್ಸಲ ಎರಡು, ಒಂದ್ಸಲ ಮೂರು. ನನ್ನ ಗಾಡಿ ಎಷ್ಟೆತ್ತರ ಇದೆ ಅಂತ ನನಗೇ ಗೊತ್ತಿಲ್ಲ, ಈ ಗಾಳೀಲಿ ಏಣಿ ಹತ್ತಿ ಅಳೆಯೋಕೂ ಆಗಲ್ಲ. ಗೊತ್ತಿಲ್ದೆ ನಾನು ಇನ್ನೊಂದು ಸೇತುವೆ ಕೆಳಗೆ ಹೋಗಲ್ಲ. ಈ ಸಲ ಮೇಲೆ ಯಾರಾದ್ರೂ ಕೂತಿದ್ರೆ?"

ಮೋಟರ್‌ಹೋಮಿಗೆ ಮೇಲಂತಸ್ತು ಎಲ್ಲಿಂದ ಬಂತೆಂದು ಬೇರೆ ಯಾರಾದರೂ ನಗುತ್ತಿದ್ದರು. ಮೆನ್ನಾ ನಗಲಿಲ್ಲ. ಅವನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದಳು. ಅವಳ ಸಮುದ್ರ ಈಗ ಒಂದು ಪರದೆಯ ಮೇಲೆ ಮೂಡುವ ಒಂದು ಅಂಕಿಯ ಹಿಂದೆ ಕೂತಿತ್ತು.

ಕೊನೆಯ ಟೋಲ್ ಬಂತು. ಗಾಳಿ ಗಾಡಿಯನ್ನು ತೊಟ್ಟಿಲಿನಂತೆ ತೂಗುತ್ತಿತ್ತು. ಯಂತ್ರದ ಮುಂದೆ ನಿಂತರು. ಪರದೆ ‘3’ ಎಂದಿತು.

ಎಮ್ಲಿನ್ ಸ್ಟಿಯರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಮುಗೀತು. ಕಾರ್ಡ್ ಹಾಕು. ಮುಂದೆ ತಿರುಗಿಸ್ಕೊಂಡು ಹೊರಡೋಣ."

ಮೆನ್ನಾ ಕಾರ್ಡ್ ಹಾಕಲಿಲ್ಲ. ಸಹಾಯದ ಗುಂಡಿ ಒತ್ತಿದಳು. ಒಳಗಿನಿಂದ ಹೆಂಗಸೊಬ್ಬಳ ಧ್ವನಿ ಏನೋ ಕೇಳಿತು. ಮೆನ್ನಾ ಕಲಿತದ್ದರ ಅರ್ಧ ಹೇಳಿದಳು. ಧ್ವನಿ ಅದಕ್ಕೆ ಉತ್ತರವಾಗಿ ಸಂತೆಯಷ್ಟು ಮಾತು ಸುರಿಯಿತು. ಅಷ್ಟರಲ್ಲಿ ಹಿಂದಿನ ಲಾರಿ ಹಾರ್ನ್ ಬಾರಿಸಿತು. ಅದರ ಹಿಂದಿನದೂ ಬಾರಿಸಿತು.

ಮೆನ್ನಾಳ ಬೆನ್ನ ಹಿಂದೆ ಇಪ್ಪತ್ತೇಳು ವರ್ಷದಲ್ಲಿ ಯಾವ ಲಾರಿಯೂ ಹಾರ್ನ್ ಮಾಡಿದ್ದಿಲ್ಲ. ಅವಳು ಬೆಲ್ಟ್ ಬಿಚ್ಚಿದಳು. ಕರಬೂಜಗಳನ್ನು ಒಂದೊಂದಾಗಿ ಸರಿಸಿ ಬಾಗಿಲು ತೆರೆದಳು.

"ಎಲ್ಲಿಗೆ ಹೊರಟೆ?" ಎಂದ ಎಮ್ಲಿನ್.

"ಕೆಲಸಕ್ಕೆ."

ಗಾಡಿಯ ಹಿಂದಕ್ಕೆ ನಡೆದು ಹೋಗಿ ಲಾರಿಯ ಮೂತಿಯ ಮುಂದೆ ನಿಂತು ಅಂಗೈ ಎತ್ತಿದಳು. ಹಾರ್ನ್ ನಿಂತಿತು. ಹಿಂದಿನದಕ್ಕೂ ಅರ್ಥವಾಯಿತು. ಹಳೆಯ ಅಭ್ಯಾಸ, ಬಲಗೈ ಕೋಲಿಗಾಗಿ ಗಾಳಿಯಲ್ಲಿ ತಡಕಾಡಿತು. ಕೋಲಿಲ್ಲ. ಕೋಲು ಮೇಲಿದೆಯಲ್ಲ ಎಂದು ತಲೆಯೆತ್ತಿದಳು.

ಒಂದು ಕಡೆಯ ಹಗ್ಗ ಬಿಚ್ಚಿಹೋಗಿತ್ತು. ಕೋಲು ಮಗ್ಗುಲು ಮಗುಚಿ, ಹಳದಿ ಫಲಕ ಚಾವಣಿಯ ಮೇಲೆ ಅಂಚೂರಿ ನೆಟ್ಟಗೆ ಎದ್ದು ಕೂತಿತ್ತು. ಅವಳು ನೋಡುತ್ತಿದ್ದಂತೆ ಗಾಳಿ ಬೀಸಿದಾಗ ಮಲಗಿತು, ಇನ್ನೊಂದು ಸಲ ಬೀಸಿದಾಗ ಮತ್ತೆ ಎದ್ದಿತು. ಯಂತ್ರದ ತಪ್ಪಿರಲಿಲ್ಲ. ಅದು ಪಾಪ, ಫಲಕ ಮಲಗಿದ್ದಾಗ ಎರಡು ಅಂದಿದೆ, ಎದ್ದಾಗ ಮೂರು ಅಂದಿದೆ.

ಮೆನ್ನಾ ಹಿಂಬದಿಯ ಏಣಿಯಲ್ಲಿ ಎರಡು ಮೆಟ್ಟಿಲು ಹತ್ತಿ ಕೋಲನ್ನು ಎಳೆದುಕೊಂಡಳು. ಅದನ್ನು ಹೊತ್ತು ಯಂತ್ರದ ಮುಂದೆ ಬಂದು ಕ್ಯಾಮೆರಾದ ಕಣ್ಣಿಗೆ ತೋರಿಸಿದಳು. ಚಾವಣಿಯ ಕಡೆ ಬೊಟ್ಟು ಮಾಡಿದಳು. ಆಮೇಲೆ ಎರಡು ಬೆರಳು ಎತ್ತಿ ಹಿಡಿದು ಸುಮ್ಮನೆ ನಿಂತಳು. ಫ್ರೆಂಚ್ ಬೇಕಾಗಲಿಲ್ಲ.

ಒಳಗಿನಿಂದ ನಗು ಕೇಳಿತು. ಒಬ್ಬಳದಲ್ಲ, ಪಕ್ಕದವರನ್ನೂ ಕರೆದು ತೋರಿಸಿಕೊಂಡ ನಗು. ಪರದೆಯ ಮೇಲೆ ‘3’ ಅಳಿದು ‘2’ ಬಂತು. "ಸುಖವಾಗಿ ಹೋಗಿ ಬನ್ನಿ, ಮದಾಂ" ಎಂದಿತು ಧ್ವನಿ, ಈ ಬಾರಿ ಇಂಗ್ಲಿಷಿನಲ್ಲೇ. ಅಲ್ಲಿಯವರೆಗೆ ಅದನ್ನು ಯಾಕೆ ಆಡಲಿಲ್ಲವೋ, ಅದು ಫ್ರೆಂಚರ ಗುಟ್ಟು. ಕಾರ್ಡ್ ತೂರಿಸಿದ ಮೇಲೆ ತಡೆಗಂಬ ಎದ್ದಿತು. ಮೆನ್ನಾ ಕೋಲು ಹಿಡಿದು ಎಮ್ಲಿನ್‌ನನ್ನು ಮುಂದೆ ದಾಟಿಸಿ, ಲಾರಿಯವನಿಗೆ ತಲೆಬಾಗಿ, ಆಮೇಲೆ ಹತ್ತಿ ಕೂತಳು. ಲಾರಿಯವನು ಟೋಪಿ ತೆಗೆದ.

ಮುಂದಿನ ತಂಗುದಾಣದಲ್ಲಿ ಎಮ್ಲಿನ್ ಇಳಿದು ಹಗ್ಗ ನೋಡಿದ.

"ನಾನು ಹಾಕಿದ ಗಂಟು" ಎಂದ.

"ಗಾಳಿ ಜೋರಿತ್ತು."

"ಗಾಳಿ ಏನು ಮಾಡುತ್ತೆ, ಗಂಟು ನಂದು."

"ಎತ್ತರ ಸರಿಯಾಗೇ ಇತ್ತಲ್ಲೋ. ಎರಡು ತೊಂಬತ್ತೆಂಟು. ನೀನು ಅಳೆದಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ."

ಎಮ್ಲಿನ್ ಗಾಡಿಯ ನೆತ್ತಿಯನ್ನು ನೋಡಿದ. ಅವನ ಭುಜ ಸ್ವಲ್ಪ ಕೆಳಗಿಳಿಯಿತು, ಮೂಟೆ ಇಳಿಸಿದ ಹಮಾಲನ ಭುಜದ ಹಾಗೆ. "ತಪ್ಪಿರಲಿಲ್ಲ ಅಲ್ವಾ?" ಎಂದ. ಆಮೇಲೆ ದನಿ ತಗ್ಗಿಸಿ, "ಊರಲ್ಲಿ ಹೇಳ್ತೀಯಾ?"

"ಆ ಎರಡು ಮೂಟೆ ಆಲೂಗಡ್ಡೆ ಯಾರು ಸುಲೀತಾರೆ ಅನ್ನೋದರ ಮೇಲೆ ಹೋಗುತ್ತೆ."

ಸಂಜೆ ಬಿಸಿಲಿರುವಾಗಲೇ ಸಮುದ್ರದಂಚಿನ ಕ್ಯಾಂಪು ಮುಟ್ಟಿದರು. ಮೆನ್ನಾ ಶೂ ಬಿಚ್ಚಿದಳು, ಕಾಲುಚೀಲ ಬಿಚ್ಚಿ ಶೂ ಒಳಗೆ ತುರುಕಿದಳು, ಕೋಲನ್ನು ಊರುಗೋಲು ಮಾಡಿಕೊಂಡು ನೀರಿಗಿಳಿದಳು. ಮೀನಖಂಡದವರೆಗೆ ಬಂದು ನಿಂತಳು. ನೀರು ಬೆಚ್ಚಗಿತ್ತು. ಹೆಚ್ಚೇನಿಲ್ಲ, ಯಾರೋ ಮೊದಲೇ ಮಲಗೆದ್ದ ಹಾಸಿಗೆಯಷ್ಟು. ಬರುವ ಅಲೆಗೆ ಅಭ್ಯಾಸಬಲದಿಂದ ಕೋಲು ಅಡ್ಡ ಹಿಡಿದಳು. ಅಲೆ ನಿಲ್ಲದೆ ಅವಳ ಮೊಣಕಾಲು ತೋಯಿಸಿ ಮುಂದೆ ಹೋಯಿತು. ಹೋಗಲಿ ಎಂದು ಬಿಟ್ಟಳು.

ದಡದಲ್ಲಿ ಎಮ್ಲಿನ್ ಆಲೂಗಡ್ಡೆ ಸುಲಿಯುತ್ತಿದ್ದವನು ಎದ್ದು ಏಣಿ ಹತ್ತಿದ್ದ. ಕೈಯಲ್ಲಿ ಅಳತೆಯ ಟೇಪು.

"ಮೆನ್ನಾ, ಎರಡು ತೊಂಬತ್ತೇಳು" ಎಂದು ಕೂಗಿದ. "ಆಲೂಗಡ್ಡೆ ಒಂದು ಸೆಂಟಿಮೀಟರ್ ಇಳಿಸಿದೆ. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ."

"ಹಾಗಾದ್ರೆ ಊರು ಸೇರೋವರೆಗೂ ತಿನ್ನಬಾರದು ಅಂತೀಯಾ?" ಎಂದು ಅವಳು ತಿರುಗದೆಯೇ ಕೇಳಿದಳು.

ಏಣಿಯ ಮೇಲೆ ಟೇಪು ಇನ್ನೊಂದು ಸಲ ಬಿಚ್ಚಿಕೊಂಡ ಸದ್ದಾಯಿತು.

"ಒಂದು ಮೂಟೆ ತಿನ್ನಬಹುದು" ಎಂದ ಎಮ್ಲಿನ್.