ತಾತ ಪೆಡಲ್ ಕತ್ತರಿಸಿದ ಬೆಂಚು

ಮೊನ್ನೆ ತುಮಕೂರಿನಲ್ಲಿ ಮೊಬೈಲ್ ರಿಪೇರಿಗೆಂದು ಒಂದು ಪುಟ್ಟ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯಾಕೆ ಬೆಸುಗೆ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದಳು. ಬಿಳಿ ಹೊಗೆಯೆದ್ದು ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮತ್ತೆ ಒಂಬತ್ತು ವರ್ಷ. ಉಪ್ಪಾರಹಳ್ಳಿಯ ಹೆಂಚಿನ ಮನೆ, ಜಗುಲಿಯ ಮೇಲೆ ಕಾಲು ಚಾಚಿ ಕೂತು ತಗಡಿನ ಬಕೆಟ್ಟಿಗೆ ತಳ ಬೆಸೆಯುತ್ತಿರುವ ತಾತ, ಒಳಗೆ ಅಜ್ಜಿ ಹುರಿಯುತ್ತಿರುವ ಹುರುಳಿಕಾಳು. ಆ ಮನೆ ಈಗಿಲ್ಲ. ಅಲ್ಲಿ ಮೂರಂತಸ್ತಿನ ಕಟ್ಟಡವೊಂದು ನಿಂತಿದೆ, ನಾನು ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ. ನಿಮಗೂ ಅಂಥ ಒಂದು ಬೀದಿ ಇದ್ದೇ ಇರುತ್ತದೆ.

ನಾವು ಮೆನೊನೈಟರು. ಹಾಗೆಂದರೆ ಊರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಕ್ರೈಸ್ತರು ಎಂದು ಹೇಳಿ ಸುಮ್ಮನಾಗುತ್ತಿದ್ದೆವು. ಹಿಂದೆ ತೆಲುಗು ನಾಡಿನ ಪಾಲಮೂರು ಕಡೆಯಿಂದ ಬಂದ ಎಂಟೊಂಬತ್ತು ಮನೆಗಳು, ಅಷ್ಟೇ ನಮ್ಮ ಸಭೆ. ಭಾನುವಾರ ಎಲ್ಲರೂ ನಮ್ಮ ನಡುಮನೆಯಲ್ಲೇ ಸೇರುತ್ತಿದ್ದರು. ಜಗಳವಾಡಬಾರದು, ಕೈ ಎತ್ತಬಾರದು, ಆಣೆ ಇಡಬಾರದು. ನಾನೊಮ್ಮೆ ಸ್ಕೂಲಿನ ರೂಢಿಯಲ್ಲಿ "ದೇವರಾಣೆಗೂ" ಎಂದಾಗ ತಾತ ಕೆಲಸ ನಿಲ್ಲಿಸಿ ನನ್ನನ್ನು ನೋಡಿದ. "ಆಣೆ ಇಟ್ರೆ, ಮಿಕ್ಕಿದ್ ಟೈಮಲ್ಲಿ ಸುಳ್ಳು ಹೇಳ್ತೀನಿ ಅಂತ ಒಪ್ಕೊಂಡಂಗೆ ಕಣೇ," ಎಂದ. ಅವನ ಕಸುಬು ತಗಡಿನದು, ಹುಚ್ಚು ಹೊಸ ಹೊಸ ಯಂತ್ರಗಳದು. ನಲ್ಲಿಯಲ್ಲಿ ನೀರು ಬಂದರೆ ತಾನೇ ಗಂಟೆ ಬಾರಿಸುವ ಡಬ್ಬ ಮಾಡಿದ್ದ. ಇಲಿಯನ್ನು ಕೊಲ್ಲದೆ ಹಿಡಿಯುವ ಬೋನು ಮಾಡಿ, ಸಿಕ್ಕ ಇಲಿಯನ್ನು ದೂರದ ಬಯಲಿನವರೆಗೆ ಹೊತ್ತು ಬಿಟ್ಟು ಬರುತ್ತಿದ್ದ. "ನೀವು ಬರೋ ಹೊತ್ಗೆ ಅದು ಬಂದು ಮನೇಲ್ ಕೂತಿರ್ತದೆ," ಎಂದು ಅಜ್ಜಿ ರೇಗಿಸುತ್ತಿದ್ದಳು.

ಅವನು ಮಾಡಿದ್ದರಲ್ಲೆಲ್ಲ ದೊಡ್ಡದೆಂದರೆ ಕಾಯಿ ಸುಲಿಯುವ ಮಿಷಿನ್. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದ ತನ್ನ ತಮ್ಮ ದಾನಿಯೇಲನಿಗೆಂದೇ ಅದನ್ನು ಮಾಡಿ ಕಳಿಸಿದ. ಒಂದೇ ವಾರದಲ್ಲಿ ಅದು ದಾನಿತಾತನ ಬಲಗೈಯ ಎರಡು ಬೆರಳನ್ನು ನುಂಗಿತು. ದಾನಿಯೇ ಮೈಮರೆತಿರಬೇಕು ಎಂದು ಎಲ್ಲರೂ ಅಂದುಕೊಂಡರು. ತಾತ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಂದಿನಿಂದ ದಾನಿತಾತ ಸಭೆಗೆ ಬಂದರೂ ಗೋಡೆಯ ಪಕ್ಕ ಕೂತು, ಮುಗಿದ ಕೂಡಲೇ ಬಸ್ಸಿಗೆ ಹೊರಟುಬಿಡುತ್ತಿದ್ದ.

ನಮ್ಮಲ್ಲಿ ವರ್ಷಕ್ಕೆರಡು ಸಲ, ಪ್ರಭುವಿನ ಭೋಜನದ ರೊಟ್ಟಿ ಮುರಿಯುವ ಮೊದಲು, ಒಬ್ಬರ ಪಾದ ಇನ್ನೊಬ್ಬರು ತೊಳೆಯಬೇಕು. ಮನಸ್ತಾಪವಿದ್ದವರು ಮೊದಲು ಪರಸ್ಪರ ತೊಳೆಯಬೇಕು, ಇಲ್ಲದಿದ್ದರೆ ರೊಟ್ಟಿ ಮುಟ್ಟುವಂತಿಲ್ಲ. ತಾತ ಎರಡು ವರ್ಷ ರೊಟ್ಟಿ ಮುಟ್ಟಲಿಲ್ಲ. ಮೊಣಕಾಲು ನೋವು, ಬಗ್ಗಲು ಆಗುವುದಿಲ್ಲ ಎನ್ನುತ್ತಿದ್ದ. ನೋವು ನಿಜವೇ. ಆದರೆ ತಟ್ಟೆ ತನ್ನನ್ನು ದಾಟಿ ಮುಂದಿನವರಿಗೆ ಹೋಗುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಆಮೇಲೆ ಒಂದು ತಿಂಗಳು ಕೂತು ಪಾದ ತೊಳೆಯುವ ಬೆಂಚೊಂದನ್ನು ಮಾಡಿದ. ಹಿಂದೆ ಬಿಸಿನೀರಿನ ಡಬ್ಬ, ಕೆಳಗೆ ತಗಡಿನ ಬೋಗುಣಿ, ಪಕ್ಕದಲ್ಲಿ ಪೆಡಲ್. ನಿಂತಲ್ಲೇ ಪೆಡಲ್ ತುಳಿದರೆ ಸಾಕು, ಕೂತವರ ಪಾದದ ಮೇಲೆ ಹದವಾಗಿ ನೀರು ಬೀಳುತ್ತಿತ್ತು. ಇನ್ನು ಯಾರೂ ಬಗ್ಗಬೇಕಿಲ್ಲ ಎಂದು ಮಗುವಿನಂತೆ ಹಿಗ್ಗಿದ್ದ. ತೊಂದರೆಯೆಲ್ಲ ಮೊಣಕಾಲಿನದೇ ಎಂದು ನಮ್ಮ ತಾತ ನಿಜವಾಗಿಯೂ ನಂಬಿದ್ದ.

ಆ ಭಾನುವಾರ ನಾನು ಹೆಂಗಸರ ಜೊತೆ ಅಡುಗೆಮನೆಯ ಬಾಗಿಲಲ್ಲಿದ್ದೆ. ತಾತ ಹೋಗಿ ತಮ್ಮನನ್ನು ಕರೆದು ತಂದು ಬೆಂಚಿನ ಮೇಲೆ ಕೂರಿಸಿದ. ಪೆಡಲಿನ ಮೇಲೆ ಕಾಲಿಟ್ಟ. ದಾನಿತಾತ ತಟ್ಟನೆ ಪಾದ ಹಿಂದಕ್ಕೆಳೆದುಕೊಂಡ.

"ನಿನ್ ಮಿಷಿನ್ ನಂಬಿ ಕೈ ಕೊಟ್ಟೆ ಕಣಣ್ಣ. ಈಗ ಕಾಲೂ ಕೊಡ್ಲಾ?"

ತಾತ ಗೋಡೆ ಹಿಡಿದ, ಬೆಂಚಿನ ಅಂಚು ಹಿಡಿದ, ಒಂದೊಂದೇ ಮೊಣಕಾಲನ್ನು ನೆಲಕ್ಕೆ ಊರಿದ. ನೋವಿಗೆ ಅವನ ಬಾಯಿಂದ ಹೊರಟ ಸದ್ದು ನನಗೆ ಇನ್ನೂ ಕೇಳಿಸುತ್ತದೆ. "ಸ್ಪ್ರಿಂಗ್ ಸಡಿಲ ಇತ್ತು ದಾನಿ," ಎಂದ, ತಲೆಯೆತ್ತದೆ. "ಕಳಿಸೋವಾಗ್ಲೇ ನಂಗ್ ಗೊತ್ತಿತ್ತು. ನಡೀತದೆ ಬುಡು ಅಂತ ಕಳಿಸ್ಬುಟ್ಟೆ. ನಿಂದೇ ತಪ್ಪು ಅಂತ ಜನ ಅಂದಾಗ ಬಾಯ್ ಮುಚ್ಕೊಂಡಿದ್ದೆ." ಆಣೆಯೇ ಇಡದ ಮನುಷ್ಯ ಎರಡು ವರ್ಷ ಸುಮ್ಮನಿದ್ದೇ ಸುಳ್ಳು ಹೇಳಿದ್ದ. ನನಗೆ ಅಳು ಬಂತು. ದಾನಿತಾತ ಬಹಳ ಹೊತ್ತು ಅಣ್ಣನ ಬೋಳು ನೆತ್ತಿಯನ್ನೇ ನೋಡುತ್ತಿದ್ದ. ಆಮೇಲೆ ಪಾದಗಳನ್ನು ಮೆಲ್ಲನೆ ಬೋಗುಣಿಗೆ ಇಳಿಸಿದ. ತೊಳೆದಾದ ಮೇಲೆ ತಾತನಿಗೆ ಏಳಲಾಗಲಿಲ್ಲ. ಮೂರು ಬೆರಳಿನ ಆ ಕೈ ಮುಂದೆ ಬಂತು. "ಏಳಣ್ಣ," ಎಂದ ದಾನಿತಾತ.

ಮರುದಿನವೇ ತಾತ ಪೆಡಲನ್ನೂ ಡಬ್ಬವನ್ನೂ ಕತ್ತರಿಸಿ ತೆಗೆದ. ಯಾವ ಅಂಚನ್ನೂ ಅರ ಹಾಕಿ ನುಣುಪು ಮಾಡದೆ ಬಿಟ್ಟವನಲ್ಲ, ಬೆಂಚಿನ ಆ ಒಂದು ಕತ್ತರಿಸಿದ ಗಾಯವನ್ನು ಮಾತ್ರ ಹಾಗೇ ಒರಟಾಗಿ ಬಿಟ್ಟ. ಅಲ್ಲಿಂದ ಮುಂದೆ ಪ್ರತಿ ಸಲವೂ ಅವರಿಬ್ಬರೇ ಜೋಡಿ. ಒಬ್ಬ ತೊಳೆದು ಕೈ ಚಾಚುವುದು, ಇನ್ನೊಬ್ಬ ಹಿಡಿದೆಬ್ಬಿಸುವುದು. ಆ ಬೆಂಚು ಈಗ ನನ್ನ ಮನೆಯಲ್ಲಿದೆ, ಮಕ್ಕಳು ಅದರ ಮೇಲೆ ಕೂತು ಶೂ ಹಾಕಿಕೊಳ್ಳುತ್ತಾರೆ. ಸಭೆಯ ಮನೆಗಳು ಚೆದುರಿಹೋದವು. ನಾನು ಯಾರ ಪಾದವನ್ನೂ ತೊಳೆಯದೆ ಎಷ್ಟೋ ವರ್ಷಗಳಾದವು.

ತಾತ ತೀರಿಕೊಂಡ ದಿನ ದಾನಿತಾತ ಬೆಳಗಿನ ಬಸ್ಸಿಗೆ ಕಡಬದಿಂದ ಬಂದ. ಅಳಲಿಲ್ಲ. ಬೋಗುಣಿಯಲ್ಲಿ ಬಿಸಿನೀರು ಕೇಳಿದ. ಹೆಣವನ್ನು ಮಲಗಿಸಿದ್ದ ಮಂಚದ ಬುಡದಲ್ಲಿ ಮೊಣಕಾಲೂರಿ, ತಗಡಿನ ಚೂರು ತಾಗಿ ಕಲೆಗಟ್ಟಿದ ಆ ಪಾದಗಳನ್ನು ಬೆರಳು ಬೆರಳಿನ ಸಂದಿಯಲ್ಲಿ ತೊಳೆದು, ಹೆಗಲ ಟವಲಿನಿಂದ ಒರೆಸಿದ. ಆಮೇಲೆ ತಲೆ ತಗ್ಗಿಸಿಕೊಂಡೇ, ಎಂದಿನ ರೂಢಿಯಂತೆ, ಮೇಲೇಳಲು ಮಂಚದ ಕಡೆಗೆ ಕೈ ಚಾಚಿದ. ಆ ಮೂರು ಬೆರಳು ಗಾಳಿಯಲ್ಲಿ ಹಾಗೇ ಕಾಯುತ್ತಿದ್ದವು. ನಾನು ಹೋಗಿ ಹಿಡಿದೆ.