ಗ್ಲೂಕೋಸ್ ಡಾಕ್ಟ್ರು

ಮಹದೇವಪ್ಪನವರು ಬರೀ ಕಂಪೌಂಡರು. ಆದರೆ ಸಿದ್ದಾಪುರದ ಸುತ್ತಿನ ಎಸ್ಟೇಟ್ ಲೈನುಗಳಲ್ಲಿ, ಕೂಲಿಯವರ ಆ ಸಾಲುಮನೆಗಳಲ್ಲಿ, ಎಲ್ಲರಿಗೂ ಅವರು ಡಾಕ್ಟ್ರು. ನಲವತ್ತು ವರ್ಷದ ಹಿಂದೆ, ಕಾಫಿ ಕುಯ್ದು ಸೋತವರಿಗೆ ಗ್ಲೂಕೋಸ್ ಚುಚ್ಚಿದರೇ ಸಮಾಧಾನ. ಮಾತ್ರೆ ಕೊಟ್ಟರೆ ಮುಖ ಸಿಂಡರಿಸುತ್ತಿದ್ದರು. ಭಾನುವಾರ ಸಾಲಾಗಿ ಕೂತವರಿಗೆಲ್ಲ ಒಂದೇ ಸೂಜಿ, ನಡುನಡುವೆ ಬಿಸಿನೀರಿನಲ್ಲಿ ಅದ್ದಿದ ಶಾಸ್ತ್ರ.

ಹೋದ ತಿಂಗಳು ಲೈನಿನ ಸಣ್ಣಸ್ವಾಮಿಗೆ ಹೆಪಟೈಟಿಸ್ ಸಿ ಎಂದು ಗೊತ್ತಾಯಿತು. ರಕ್ತದಿಂದ ರಕ್ತಕ್ಕೆ ಹಬ್ಬಿ, ಸದ್ದಿಲ್ಲದೆ ವರ್ಷಗಟ್ಟಲೆ ಲಿವರ್ ತಿನ್ನುವ ಕಾಯಿಲೆ. ಅಂದಿನಿಂದ ಮಹದೇವಪ್ಪನವರು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಗೋಣಿಕೊಪ್ಪಲಿನಲ್ಲಿ ಬಿ.ಎಸ್ಸಿ. ಓದುವ ಮೊಮ್ಮಗಳು ಐಶ್ವರ್ಯಳನ್ನು ಹಿಡಿದು ಕೇಳಿದರು.

"ಲಸಿಕೆ ಇಲ್ವೇನವ್ವ? ಲೈನಿಗೆಲ್ಲ ಹಾಕಿಸ್ಬಿಡೋಣ."

"ಇಲ್ಲ ತಾತ. ಆ ವೈರಸ್ಸು ಮೈತುಂಬ ಸಕ್ಕರೆ ಹೊದ್ಕೊಂಡಿರುತ್ತೆ, ಅದೂ ನಮ್ಮ ಜೀವಕೋಶದ್ದೇ ಸಕ್ಕರೆ. ರಕ್ತದಲ್ಲಿರೋ ಕಾವಲಿನೋರು ನಮ್ಮೋನೇ ಅಂತ ಬಿಟ್ಬಿಡ್ತಾರೆ. ಲಸಿಕೆ ಮಾಡೋರಿಗೂ ಅದೇ ದೊಡ್ಡ ಅಡ್ಡಿ."

"ಸಕ್ಕರೆನಾ? ನಾನು ಕೊಟ್ಟ ಗ್ಲೂಕೋಸಿಂದ್ಲಾ?"

"ಗ್ಲೂಕೋಸ್‌ದೇನೂ ತಪ್ಪಿಲ್ಲ ತಾತ. ಸೂಜಿ..." ಎಂದವಳು ಮಾತು ಬದಲಿಸಿದಳು. "ಈಗ ಮಾತ್ರೆ ಇದೆ. ಮೂರು ತಿಂಗ್ಳಲ್ಲಿ ಹೆಚ್ಚಿನೋರಿಗೆ ವಾಸಿ. ಮೊದ್ಲು ಟೆಸ್ಟ್ ಆಗ್ಬೇಕು."

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ಒಬ್ಬರು, ಉಣ್ಣುವವರು ಲೈನಿನವರು. ಎಪ್ಪತ್ತೆರಡರ ಮುದುಕರು ಬೆಳಗಾದರೆ ಲೈನಿಗೆ ಹೊರಟರು. "ನನ್ನ ಸೂಜಿಯಿಂದ್ಲೇ ಬಂದಿರ್ಬೋದು, ಟೆಸ್ಟ್ ಮಾಡಿಸ್ಕೊಳ್ಳಿ" ಎಂದು ಮನೆಮನೆಗೂ ಹೇಳಿದರು. ಕೆಲವರು ಬೈದರು. ಬೈಗುಳ ಹೇಗೋ ತಡೆದುಕೊಂಡರು.

ತಡೆಯಲಾಗದ್ದು ನಿಂಗಮ್ಮನ ಮಾತು. ಮೂರು ಬಾಣಂತನದಲ್ಲೂ ಅವರ ಕೈಯಿಂದಲೇ ಚುಚ್ಚಿಸಿಕೊಂಡವಳು. "ನೀವು ಚುಚ್ಚಿದ್ಮೇಲೇ ಎದ್ದು ಕೂತೋಳು ನಾನು. ನಿಮ್ಮ ಸೂಜೀಲಿ ಕಾಯ್ಲೆ ಬತ್ತದಾ?" ಎಂದು ನಕ್ಕುಬಿಟ್ಟಳು. ನಾಲ್ಕು ಸಲ ಹೋದರೂ ಅದೇ ನಗು. ಆ ನಂಬಿಕೆಯೇ ಅವರನ್ನು ಮತ್ತೆ ಮತ್ತೆ ಅವಳ ಬಾಗಿಲಿಗೆ ಎಳೆಯಿತು.

ಐದನೇ ಸಲ ಅವರ ಕಣ್ಣಲ್ಲಿ ನೀರು ಕಂಡು, ನಿಂಗಮ್ಮ ಸೀರೆ ಬದಲಿಸಿ ಅವರ ಹಿಂದೆಯೇ ರಕ್ತಪರೀಕ್ಷೆಯ ಕ್ಯಾಂಪಿಗೆ ಬಂದಳು. ಹರೆಯದ ನರ್ಸು ಹತ್ತಿರ ಬಂದದ್ದೇ ನಿಂಗಮ್ಮ ಕೈ ಹಿಂದೆಳೆದುಕೊಂಡಳು.

"ಈ ಮಗೀನ ನಾನು ಕಾಣೆ. ಸೂಜಿ ಹೊಸ್ದಾ ಅಂತ ನೀವು ನೋಡಿ ಹೇಳಿ ಡಾಕ್ಟ್ರೇ."

ಮಹದೇವಪ್ಪನವರು ಸೂಜಿಯ ಪೊಟ್ಟಣ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಹೊಸ್ದು ನಿಂಗಮ್ಮ."

ಅವಳು ತೋಳು ಚಾಚಿದಳು. ಸೂಜಿ ಹಿಡಿದ ಅಷ್ಟು ವರ್ಷಗಳಲ್ಲಿ ಅವರು ಆ ಮಾತನ್ನು ಯಾರಿಗೂ ಹೇಳಿರಲಿಲ್ಲ.